ಚೋ ಕುಕ್, ಸಾಕ್ಷ್ಯದ ಕಾನೂನು ಮತ್ತು ಸ್ಟಾಫ್‌ರೂಮಿನ ಕಂಪ್ಯೂಟರ್

ದಕ್ಷಿಣ ಕೊರಿಯಾದ ಕಾನೂನು ಪ್ರೊಫೆಸರ್, ಮುಂದೆ ನ್ಯಾಯಾಂಗ ಸಚಿವರೂ ಆದ ಚೋ ಕುಕ್ ಬಗ್ಗೆ ಬರೆಯುವವರು ಹೆಚ್ಚಾಗಿ ಅವರ ಮಗಳ ಮೆಡಿಕಲ್ ಸೀಟಿನಿಂದ ಶುರುಮಾಡುತ್ತಾರೆ. ಅಲ್ಲಿಂದ ಹೊರಟರೆ ಅವರು ಸಿಕ್ಕಿಬಿದ್ದ ಇನ್ನೊಬ್ಬ ದೊಡ್ಡ ಮನುಷ್ಯ, ಅಷ್ಟೇ. ಅಪರಾಧ ಪ್ರಕ್ರಿಯೆಯ ಕಾನೂನು ಓದಿದವರಿಗೆ ಮಾತ್ರ ಅವರ ವೃತ್ತಿಜೀವನ ಬೇರೆಯೇ ಕಾರಣಕ್ಕೆ ಮುಖ್ಯವಾಗುತ್ತದೆ. ತನಿಖೆ ಮಾಡುವವರೇ ಕಾನೂನು ಮುರಿದು ಸಾಕ್ಷ್ಯ ತಂದರೆ ಕೋರ್ಟು ಅದನ್ನು ನೋಡಬೇಕೋ, ಪಕ್ಕಕ್ಕೆ ಇಡಬೇಕೋ? ಚೋ ತಮ್ಮ ವಿದ್ವತ್ತನ್ನು ಮುಡಿಪಿಟ್ಟದ್ದು ಈ ಪ್ರಶ್ನೆಗೆ. ಕೊನೆಗೆ ಅವರ ಮನೆಯವರ ಭವಿಷ್ಯ ನಿಂತದ್ದೂ ಇದೇ ಪ್ರಶ್ನೆಯ ಮೇಲೆ. ಹಾಗಾಗಿ ಕಥೆಯನ್ನು ಕಾನೂನಿನ ಕಡೆಯಿಂದಲೇ ಹೇಳುತ್ತೇನೆ.

ಅವರು ಹುಟ್ಟಿದ್ದು 1965ರ ಏಪ್ರಿಲ್ 6ರಂದು, ಬಂದರು ನಗರ ಬೂಸಾನ್‌ನಲ್ಲಿ. 1982ರಲ್ಲಿ, ಹದಿನೇಳು ತುಂಬುವ ಮೊದಲೇ, ಸೋಲ್ ನ್ಯಾಷನಲ್ ಯೂನಿವರ್ಸಿಟಿಯ ಕಾನೂನು ವಿಭಾಗ ಸೇರಿದರು. ಆಗ ಚುನ್ ಡೂ-ಹ್ವಾನ್ ಅವರ ಮಿಲಿಟರಿ ಆಳ್ವಿಕೆ. ಆ ವಿಭಾಗಕ್ಕೆ ಸೇರಿದವರ ಕಣ್ಣು ಸಾಮಾನ್ಯವಾಗಿ ಒಂದೇ ಕಡೆ ಇರುತ್ತಿತ್ತು: ನ್ಯಾಯಾಂಗ ಪರೀಕ್ಷೆ ಪಾಸು ಮಾಡುವುದು, ಎರಡು ವರ್ಷದ ಸರ್ಕಾರಿ ತರಬೇತಿ ಮುಗಿಸುವುದು, ಜಡ್ಜೋ ಪ್ರಾಸಿಕ್ಯೂಟರೋ ಆಗುವುದು. ಅದೇ ವಿಭಾಗದ ಸೀನಿಯರ್ ಯೂನ್ ಸುಕ್-ಯೋಲ್ ಒಂಬತ್ತನೇ ಸಲ ಬರೆದು 1991ರಲ್ಲಿ ಪಾಸಾಗಿ, ಮುಂದೆ ಪ್ರಾಸಿಕ್ಯೂಟರ್ ಆದರು. ಚೋ ಆ ಪರೀಕ್ಷೆಯ ದಾರಿಗೇ ಹೋಗಲಿಲ್ಲ, ವಕೀಲಿಕೆಯ ಸನ್ನದು ಪಡೆಯಲಿಲ್ಲ. ಕಾನೂನಿನಲ್ಲೇ ಸ್ನಾತಕೋತ್ತರ ಪದವಿ ಮಾಡಿ, 1992ರಲ್ಲಿ ಉಲ್ಸಾನ್ ಯೂನಿವರ್ಸಿಟಿಯಲ್ಲಿ ಮೇಷ್ಟ್ರಾದರು. ಈ ಇಬ್ಬರ ಹಾದಿ ಇಲ್ಲಿ ಕವಲೊಡೆದದ್ದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1993ರಲ್ಲಿ ಚೋ ಬಂಧನಕ್ಕೊಳಗಾದರು. ಆರೋಪ ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ. ಕಾರಣ, ಸಮಾಜವಾದಿ ಕಾರ್ಮಿಕ ಸಂಘಟನೆಯೊಂದರ ಅಧ್ಯಯನ ಸಂಸ್ಥೆಯ ನಂಟು. ಕೆಲವು ತಿಂಗಳು ಸೆರೆಯಲ್ಲಿದ್ದರು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಅವರನ್ನು ಆತ್ಮಸಾಕ್ಷಿಯ ಕೈದಿಗಳ ಪಟ್ಟಿಗೆ ಸೇರಿಸಿತು. ಕೊನೆಗೆ ಸಿಕ್ಕಿದ್ದು ಅಮಾನತಿನಲ್ಲಿಟ್ಟ ಶಿಕ್ಷೆ. ಆಮೇಲೆ ಅಮೆರಿಕದ ಬರ್ಕ್ಲಿಯಲ್ಲಿ 1995ಕ್ಕೆ ಎಲ್ಎಲ್.ಎಂ., 1997ಕ್ಕೆ ಡಾಕ್ಟರೇಟ್. ಮರಳಿ ಬಂದು ಉಲ್ಸಾನ್, ಡೊಂಗುಕ್, 2001ರಿಂದ ಸೋಲ್ ನ್ಯಾಷನಲ್. ನಾಗರಿಕ ಸಂಘಟನೆಗಳಲ್ಲಿ ಕೆಲಸ, 2007ರಿಂದ 2010ರವರೆಗೆ ರಾಷ್ಟ್ರೀಯ ಮಾನವ ಹಕ್ಕು ಆಯೋಗದ ಸದಸ್ಯತ್ವ. ಇವೆಲ್ಲ ಪರಿಚಯಪತ್ರದ ಸಾಲುಗಳು. ಅವರ ನಿಜವಾದ ಕೆಲಸ ಸಾಕ್ಷ್ಯದ ನಿಯಮದಲ್ಲಿತ್ತು. 2005ರಲ್ಲಿ ಆ ಒಂದೇ ನಿಯಮದ ಮೇಲೆ ಪೂರ್ತಿ ಒಂದು ಗ್ರಂಥ ಬರೆದರು.

ಆ ಕೆಲಸದ ತೂಕ ತಿಳಿಯಬೇಕಾದರೆ ಮೊದಲು ಪರಿಸ್ಥಿತಿ ಹೇಗಿತ್ತು ಅಂತ ನೋಡಬೇಕು. ಹಿಂಸೆ ಕೊಟ್ಟು ಪಡೆದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ ಎಂದು ಕೊರಿಯಾದ ಸಂವಿಧಾನವೇ ಹೇಳುತ್ತದೆ. ಕಾಗದದ ಮೇಲಿನ ಈ ಮಾತಿಗೆ ಠಾಣೆಯೊಳಗೆ ಎಷ್ಟು ಬೆಲೆಯಿತ್ತು ಎಂಬುದಕ್ಕೆ 1987ರ ಜನವರಿಯೇ ಸಾಕ್ಷಿ. ಸೋಲ್ ನ್ಯಾಷನಲ್‌ನ ವಿದ್ಯಾರ್ಥಿ ಪಾರ್ಕ್ ಜೊಂಗ್-ಚೊಲ್ ಪೊಲೀಸರ ನೀರಿನ ಚಿತ್ರಹಿಂಸೆಯಲ್ಲಿ ಸತ್ತರು. ಬೂಸಾನ್‌ನ ಹೈಸ್ಕೂಲಿನಲ್ಲಿ ಅವರು ಚೋ ಅವರ ಜೂನಿಯರ್. ಇನ್ನು ವಸ್ತುರೂಪದ ಸಾಕ್ಷ್ಯಕ್ಕಂತೂ ಸಂವಿಧಾನದ ಆ ಕಾವಲೂ ಇರಲಿಲ್ಲ. ಜಪ್ತಿಯ ಕ್ರಮ ಕಾನೂನುಬಾಹಿರವಾಗಿದ್ದರೂ ವಸ್ತುವಿನ ಗುಣ, ಆಕಾರ ಬದಲಾಗುವುದಿಲ್ಲ, ಆದ್ದರಿಂದ ಅದು ಸಾಕ್ಷ್ಯವಾಗುತ್ತದೆ ಎಂದು 1968ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. ವಾರಂಟ್ ಇಲ್ಲದೆ ಮನೆಗೆ ನುಗ್ಗಿ ಚಾಕು ತಂದರೂ ಚಾಕು ಚಾಕುವೇ ಎಂಬ ವಾದ. ಕೇಳಲು ಸರಿಯೆನಿಸುತ್ತದೆ. ಇದರಿಂದ ಆಗುವ ಕೆಡುಕೆಂದರೆ, ವಾರಂಟ್ ತರುವ ತನಿಖಾಧಿಕಾರಿಗೂ ತರದವನಿಗೂ ಕೋರ್ಟಿನಲ್ಲಿ ಒಂದೇ ಫಲ ಸಿಗುತ್ತದೆ. ನಿಯಮ ಪಾಲಿಸುವುದರಿಂದ ಯಾವ ಲಾಭವೂ ಇಲ್ಲ, ಮುರಿದರೆ ಯಾವ ನಷ್ಟವೂ ಇಲ್ಲ. ಹಾಗಾದಾಗ ನಿಯಮ ತಾನಾಗಿಯೇ ಸಾಯುತ್ತದೆ. ಈ ಸಿದ್ಧಾಂತವನ್ನು ಉರುಳಿಸಬೇಕೆಂದು ವಾದಿಸಿದ ವಿದ್ವಾಂಸರಲ್ಲಿ ಚೋ ಮುಂಚೂಣಿಯಲ್ಲಿದ್ದರು.

2007ರಲ್ಲಿ ಅದು ಎರಡು ಕಡೆಯಿಂದ ಉರುಳಿತು. ಸಂಸತ್ತು ಅಪರಾಧ ಪ್ರಕ್ರಿಯಾ ಕಾಯ್ದೆಗೆ 308-2ನೇ ಕಲಂ ಸೇರಿಸಿತು: ಸರಿಯಾದ ಕ್ರಮ ಅನುಸರಿಸದೆ ಸಂಗ್ರಹಿಸಿದ್ದನ್ನು ಸಾಕ್ಷ್ಯವಾಗಿ ಸ್ವೀಕರಿಸಕೂಡದು. ಅದು ಜಾರಿಗೆ ಬಂದದ್ದು 2008ರ ಜನವರಿ 1ರಿಂದ. ಅದಕ್ಕೂ ಮೊದಲೇ, 2007ರ ನವೆಂಬರ್ 15ರಂದು, ಸುಪ್ರೀಂ ಕೋರ್ಟಿನ ಪೂರ್ಣಪೀಠ ತನ್ನ ಹಳೆಯ ನಿಲುವನ್ನು ಬಿಟ್ಟುಕೊಟ್ಟಿತು. ಆ ಕೇಸು ಜೇಜು ದ್ವೀಪದ ಗವರ್ನರ್ ಕಚೇರಿಯದು. ಚುನಾವಣೆಗೆ ಸರ್ಕಾರಿ ನೌಕರರನ್ನು ಬಳಸಿಕೊಂಡರೆಂಬ ಶಂಕೆಯ ಮೇಲೆ ಪ್ರಾಸಿಕ್ಯೂಟರ್‌ಗಳು ಸಹಾಯಕನೊಬ್ಬನ ಕೋಣೆ ಶೋಧಿಸುತ್ತಿದ್ದರು. ಅಷ್ಟರಲ್ಲಿ ಗವರ್ನರ್ ಕಡೆಯ ನೌಕರನೊಬ್ಬ ಕೈಯಲ್ಲಿ ಕಾಗದದ ಕಟ್ಟು ಹಿಡಿದು ಒಳಗೆ ಬಂದ. ಅದನ್ನೂ ಜಪ್ತಿ ಮಾಡಿದರು. ವಾರಂಟಿನಲ್ಲಿ ಬರೆದಿದ್ದು ಆ ಕೋಣೆಯಲ್ಲಿ ‘ಇಟ್ಟಿರುವ’ ವಸ್ತುಗಳೆಂದು. ಹೊರಗಿನಿಂದ ಹಿಡಿದು ತಂದದ್ದು ಅದರಲ್ಲಿ ಸೇರುತ್ತದೆಯೇ? ಜಪ್ತಿಯ ಪಟ್ಟಿ ಕೊಟ್ಟದ್ದೋ ತಿಂಗಳುಗಳ ನಂತರ. ಈ ಸಂಗತಿಗಳನ್ನು ಸರಿಯಾಗಿ ಪರಿಶೀಲಿಸದೆ ಶಿಕ್ಷೆ ಕೊಟ್ಟದ್ದು ತಪ್ಪೆಂದು ತೀರ್ಪು ರದ್ದಾಯಿತು, ಕೇಸು ಹಿಂದಕ್ಕೆ ಹೋಯಿತು.

ಆ ತೀರ್ಪು ಒಂದು ಕಿಂಡಿಯನ್ನೂ ಬಿಟ್ಟಿತು. ಉಲ್ಲಂಘನೆ ಪ್ರಕ್ರಿಯೆಯ ತಿರುಳಿಗೇ ಧಕ್ಕೆ ತರದಿದ್ದರೆ, ಸಾಕ್ಷ್ಯ ಬಿಸಾಡುವುದರಿಂದ ನ್ಯಾಯಕ್ಕೇ ಭಂಗ ಬರುವಂತಿದ್ದರೆ, ಅಪರೂಪಕ್ಕೆ ಸ್ವೀಕರಿಸಬಹುದು ಅಂದಿತು. ಮುಂದಿನ ಜಗಳಗಳು ಬಹುಪಾಲು ಈ ಕಿಂಡಿಯಲ್ಲೇ ನಡೆದವು.

ಕಂಪ್ಯೂಟರ್ ಬಂದ ಮೇಲೆ ಸಮಸ್ಯೆ ದೊಡ್ಡದಾಯಿತು. ಕಾಗದದ ಕಡತವನ್ನು ತೆಗೆದುಕೊಂಡು ಹೋದರೆ ಆ ಕಡತವಷ್ಟೇ ಹೋಗುತ್ತದೆ. ಹಾರ್ಡ್ ಡಿಸ್ಕ್ ಹೋದರೆ ಹತ್ತು ವರ್ಷದ ಬದುಕೇ ಹೋಗುತ್ತದೆ. 2015ರ ಜುಲೈ 16ರಂದು ಔಷಧ ಕಂಪನಿಯೊಂದರ ಪ್ರಕರಣದಲ್ಲಿ ಪೂರ್ಣಪೀಠ ಹೆಜ್ಜೆ ಹೆಜ್ಜೆಯಾಗಿ ಕ್ರಮ ಹೇಳಿತು. ಮೊದಲ ಆಯ್ಕೆ, ಸ್ಥಳದಲ್ಲೇ ಕೇಸಿಗೆ ಸಂಬಂಧಪಟ್ಟ ಫೈಲುಗಳನ್ನು ಮಾತ್ರ ಆರಿಸಿ ಪ್ರಿಂಟ್ ಅಥವಾ ಕಾಪಿ ಮಾಡಿಕೊಳ್ಳುವುದು. ಅದು ಸಾಧ್ಯವೇ ಇಲ್ಲದಾಗ ಇಡೀ ಡಿಸ್ಕಿನ ಇಮೇಜ್ ಕಾಪಿಯನ್ನು (ಅದರಲ್ಲಿರುವುದೆಲ್ಲದರ ತದ್ರೂಪು ಪ್ರತಿ), ಇಲ್ಲವೇ ಯಂತ್ರವನ್ನೇ, ಕಚೇರಿಗೆ ಒಯ್ಯಬಹುದು. ಆದರೆ ಕಚೇರಿಯಲ್ಲಿ ಕೂತು ಅದರೊಳಗೆ ಹುಡುಕುವುದೂ ವಾರಂಟ್ ಜಾರಿಯ ಭಾಗವೇ. ಆದ್ದರಿಂದ ಇಮೇಜ್ ತೆರೆಯುವಾಗ, ಹುಡುಕುವಾಗ, ಕಾಪಿ ಮಾಡುವಾಗ, ಪ್ರತಿ ಹಂತದಲ್ಲೂ ಯಾರ ಬಳಿಯಿಂದ ಜಪ್ತಿಯಾಯಿತೋ ಅವರಿಗೆ ಅಥವಾ ಅವರ ವಕೀಲರಿಗೆ ಹಾಜರಿರುವ ಅವಕಾಶ ಕೊಡಬೇಕು. ಹುಡುಕುವಾಗ ಬೇರೆ ಅಪರಾಧದ ಸುಳಿವು ಸಿಕ್ಕರೆ ಅಲ್ಲೇ ನಿಲ್ಲಿಸಿ ಹೊಸ ವಾರಂಟ್ ತರಬೇಕು. ತಪ್ಪಾಗುವುದು ಸಾಮಾನ್ಯವಾಗಿ ಈ ಕೊನೆಯ ಹೆಜ್ಜೆಯಲ್ಲಿ, ಯಾಕೆಂದರೆ ಕಣ್ಣಿಗೆ ಬಿದ್ದದ್ದನ್ನು ನೋಡದಂತೆ ನಿಲ್ಲಿಸುವುದು ಯಾವ ತನಿಖಾಧಿಕಾರಿಗೂ ಸುಲಭವಲ್ಲ.

ನಮ್ಮಲ್ಲಿ ಸ್ಥಿತಿ ಬೇರೆ. ಶೋಧನೆ ಕಾನೂನುಬಾಹಿರವಾಗಿದ್ದರೂ ಸಿಕ್ಕ ವಸ್ತು ಪ್ರಸ್ತುತವಾಗಿದ್ದರೆ ಸಾಕ್ಷ್ಯವಾಗುತ್ತದೆ ಎಂದು ನಮ್ಮ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಪೂರಣ್ ಮಲ್ ಪ್ರಕರಣದಲ್ಲಿ ಹೇಳಿದ್ದು ಇವತ್ತಿಗೂ ನಡೆಯುತ್ತಿದೆ. ಕೊರಿಯಾ 2007ರಲ್ಲಿ ದಾಟಿದ ಗೆರೆಯನ್ನು ನಾವು ದಾಟಿಲ್ಲ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಫೋನು, ಲ್ಯಾಪ್‌ಟಾಪ್ ಜಪ್ತಿಗೆ ಮಾರ್ಗಸೂಚಿ ಕೊಟ್ಟಿತು: ಆಫ್ ಆಗಿರುವ ಯಂತ್ರವನ್ನು ಆನ್ ಮಾಡಬೇಡಿ, ವೈರುಗಳ ಜೋಡಣೆಯ ಫೋಟೋ ತೆಗೆಯಿರಿ, ಸಾಧನವನ್ನು ಸಿಗ್ನಲ್ ತಡೆಯುವ ಫ್ಯಾರಡೇ ಚೀಲದಲ್ಲಿಡಿ ಎಂಬಂಥ ಸೂಚನೆಗಳು. ನಮ್ಮ ಮಹಜರುಗಳ ಮಟ್ಟಕ್ಕೆ ಅದು ದೊಡ್ಡ ಹೆಜ್ಜೆಯೇ. ಕೊರಿಯಾದ ಹಾಗೆ ‘ತಪ್ಪಿದರೆ ಸಾಕ್ಷ್ಯವೇ ಬೀಳುತ್ತದೆ’ ಎಂಬ ಸಾಮಾನ್ಯ ನಿಯಮ ಮಾತ್ರ ಇನ್ನೂ ಬಂದಿಲ್ಲ.

ಇನ್ನು ರಾಜಕೀಯ. ಕೊರಿಯಾದ ಪ್ರಾಸಿಕ್ಯೂಟರನ್ನು ನಮ್ಮ ಸರ್ಕಾರಿ ಅಭಿಯೋಜಕರ ಹಾಗೆ ಕಲ್ಪಿಸಿಕೊಂಡರೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ. ನಮ್ಮಲ್ಲಿ ತನಿಖೆ ಪೊಲೀಸರದು, ಅಭಿಯೋಜಕರ ಕೆಲಸ ಕೋರ್ಟಿನಲ್ಲಿ. ಅಲ್ಲಿ ಪ್ರಾಸಿಕ್ಯೂಟರೇ ನೇರವಾಗಿ ತನಿಖೆ ನಡೆಸಬಹುದಿತ್ತು, ಪೊಲೀಸರ ತನಿಖೆಗೂ ಅವರದೇ ಅಪ್ಪಣೆ. ಕೇಸು ಹಾಕುವ ಅಧಿಕಾರ ಅವರೊಬ್ಬರದು; ಸಾಕ್ಷ್ಯ ಇದ್ದರೂ ಹಾಕದೆ ಬಿಡುವ ವಿವೇಚನೆಯೂ ಅವರದೇ. ಬಂಧನಕ್ಕಾಗಲಿ ಶೋಧನೆಗಾಗಲಿ ನ್ಯಾಯಾಧೀಶರ ಮುಂದೆ ವಾರಂಟ್ ಕೇಳುವ ಹಕ್ಕೂ ಅವರಿಗೆ ಮಾತ್ರ, ಅದೂ ಸಂವಿಧಾನದ 12ನೇ ವಿಧಿಯಲ್ಲೇ ಬರೆದದ್ದು. ಇಷ್ಟೆಲ್ಲ ಒಂದೇ ಕಚೇರಿಯ ಕೈಯಲ್ಲಿದ್ದರೆ ಆ ಕಚೇರಿಯವರು ತಪ್ಪು ಮಾಡಿದಾಗ ತನಿಖೆ ಮಾಡುವವರಾರು? ಚೋ ಪಾಠದ ಕೋಣೆಯಲ್ಲಿ ಕೇಳುತ್ತಿದ್ದ ಈ ಪ್ರಶ್ನೆ 2017ರ ಮೇ ತಿಂಗಳಲ್ಲಿ ಸರ್ಕಾರದ ಕಾರ್ಯಸೂಚಿಯಾಯಿತು. ಹೊಸ ಅಧ್ಯಕ್ಷ ಮೂನ್ ಜೇ-ಇನ್ ಚೋ ಅವರನ್ನು ನಾಗರಿಕ ವ್ಯವಹಾರಗಳ ಹಿರಿಯ ಕಾರ್ಯದರ್ಶಿಯಾಗಿ ನೇಮಿಸಿಕೊಂಡರು. ಪ್ರಾಸಿಕ್ಯೂಷನ್, ಪೊಲೀಸ್, ಗುಪ್ತಚರ ಇಲಾಖೆಗಳ ಮೇಲೆ ಕಣ್ಣಿಡುವ ಹುದ್ದೆ ಅದು. ಅಲ್ಲಿಗೆ ಮಾಜಿ ಪ್ರಾಸಿಕ್ಯೂಟರ್‌ಗಳು ಬರುವುದೇ ರೂಢಿಯಾಗಿತ್ತು.

2018ರ ಮಾರ್ಚಿನಲ್ಲಿ ಮೂನ್ ಅವರ ಸಂವಿಧಾನ ತಿದ್ದುಪಡಿಯನ್ನು ಮೂರು ದಿನ ಕಂತುಕಂತಾಗಿ ಜನರ ಮುಂದೆ ವಿವರಿಸಿದ್ದು ಇವರೇ. ವಾರಂಟ್ ಕೇಳುವ ಹಕ್ಕು ಪ್ರಾಸಿಕ್ಯೂಟರಿಗೆ ಮಾತ್ರ ಎಂಬ ಮಾತನ್ನು ಸಂವಿಧಾನದಿಂದ ತೆಗೆಯುವುದೂ ಆ ಕರಡಿನಲ್ಲಿತ್ತು. ಮೇ 24ರಂದು ಸಂಸತ್ತಿನಲ್ಲಿ ಮತಕ್ಕೆ ಬಂದಾಗ ವಿರೋಧಪಕ್ಷಗಳು ದೂರ ಉಳಿದವು. ಮತ ಹಾಕಿದವರು 114 ಮಂದಿ, ಬೇಕಿದ್ದದ್ದು 192. ತಿದ್ದುಪಡಿ ಅಲ್ಲಿಗೇ ನಿಂತಿತು. ಜೂನ್ 21ರಂದು ಪೊಲೀಸರಿಗೂ ಪ್ರಾಸಿಕ್ಯೂಷನ್ನಿಗೂ ತನಿಖೆಯ ಅಧಿಕಾರ ಹಂಚುವ ಒಪ್ಪಂದಕ್ಕೆ ಇಬ್ಬರು ಸಚಿವರು ಸಹಿ ಹಾಕಿದರು.

ಆ ಒಪ್ಪಂದದಲ್ಲೇ ಮೂನ್ ಸರ್ಕಾರದ ದೊಡ್ಡ ಎಡವಟ್ಟು ಇತ್ತೆಂದು ನನ್ನ ಅಭಿಪ್ರಾಯ. ಪ್ರಾಸಿಕ್ಯೂಷನ್ನಿನ ಹಲ್ಲುಗಳಿದ್ದದ್ದು ಭ್ರಷ್ಟಾಚಾರ, ಹಣಕಾಸಿನಂಥ ವಿಶೇಷ ತನಿಖೆಗಳಲ್ಲಿ. ಒಪ್ಪಂದ ಅವನ್ನು ಪ್ರಾಸಿಕ್ಯೂಷನ್ ಬಳಿಯೇ ಉಳಿಸಿತು. ಯಾಕೆಂದರೆ ಮಾಜಿ ಅಧ್ಯಕ್ಷರಾದ ಪಾರ್ಕ್ ಗ್ಯುನ್-ಹ್ಯೇ, ಲೀ ಮ್ಯುಂಗ್-ಬಾಕ್ ಅವರ ಕೇಸುಗಳನ್ನು ನಡೆಸುತ್ತಿದ್ದದ್ದು ಅದೇ ಪ್ರಾಸಿಕ್ಯೂಷನ್, ಸೋಲ್ ಕೇಂದ್ರ ಜಿಲ್ಲಾ ಕಚೇರಿಯ ಮುಖ್ಯಸ್ಥರಾಗಿದ್ದವರು ಯೂನ್ ಸುಕ್-ಯೋಲ್. ಸರ್ಕಾರಕ್ಕೆ ಆ ಕೆಲಸ ಬೇಕಿತ್ತು. ಮೊಂಡು ಮಾಡಬೇಕೆಂದುಕೊಂಡ ಕತ್ತಿಯನ್ನು ಮೊದಲು ಸಾಣೆ ಹಿಡಿದರು. 2019ರ ಜುಲೈನಲ್ಲಿ ಯೂನ್ ಅವರನ್ನು ಪ್ರಾಸಿಕ್ಯೂಟರ್ ಜನರಲ್ ಮಾಡಿದರು. ಮರುದಿನವೇ ಚೋ ಕಾರ್ಯದರ್ಶಿ ಹುದ್ದೆ ಬಿಟ್ಟರು. ಆಗಸ್ಟ್ 9ಕ್ಕೆ ನ್ಯಾಯಾಂಗ ಸಚಿವ ಸ್ಥಾನಕ್ಕೆ ಅವರ ಹೆಸರು ಬಂತು.

ಅಲ್ಲಿ ಸಚಿವರ ಹೆಸರು ಬಂದ ಮೇಲೆ ಸಂಸತ್ತು ವಿಚಾರಣೆ ನಡೆಸಿ ವರದಿ ಕೊಡಬೇಕು. ಇಪ್ಪತ್ತು ದಿನದಲ್ಲಿ ಆಗದಿದ್ದರೆ ಅಧ್ಯಕ್ಷರು ಇನ್ನೂ ಹತ್ತು ದಿನದೊಳಗಿನ ಗಡುವು ಕೊಡಬಹುದು, ಆಗಲೂ ಬರದಿದ್ದರೆ ನೇಮಿಸಿಬಿಡಬಹುದು. ಸಂಸತ್ತಿನ ಒಪ್ಪಿಗೆ ಕಡ್ಡಾಯವಲ್ಲ. ಈ ಅಂತರದಲ್ಲೇ ಆರೋಪಗಳು ಸುರಿದವು: ಹೈಸ್ಕೂಲಿನಲ್ಲಿದ್ದಾಗಲೇ ಮಗಳು ವೈದ್ಯಕೀಯ ಪ್ರಬಂಧವೊಂದಕ್ಕೆ ಮೊದಲ ಲೇಖಕಿ, ಮೆಡಿಕಲ್ ಕಾಲೇಜಿನ ಸ್ಕಾಲರ್‌ಶಿಪ್, ಕುಟುಂಬದ ಹೂಡಿಕೆ. ಆಗಸ್ಟ್ 27ರಂದು, ಸಂಸತ್ತಿನ ವಿಚಾರಣೆಗೂ ಮೊದಲೇ, ಪ್ರಾಸಿಕ್ಯೂಟರ್‌ಗಳು ಹಲವು ಕಡೆ ದಾಳಿ ಮಾಡಿದರು. ಚೋ 2012ರಲ್ಲಿ ಟ್ವಿಟರ್‌ನಲ್ಲಿ ಬರೆದದ್ದನ್ನು ಜನ ಹೆಕ್ಕಿ ತೆಗೆದರು. ಹಳ್ಳದಲ್ಲಿ ಹುಟ್ಟಿದವರೆಲ್ಲ ಡ್ರ್ಯಾಗನ್ ಆಗಿ ಮೋಡಕ್ಕೆ ಹಾರಬೇಕಿಲ್ಲ, ಮೀನು, ಕಪ್ಪೆ, ಸೀಗಡಿಗಳಾಗಿಯೇ ಸುಖವಾಗಿರಬಲ್ಲ ಹಳ್ಳ ಮಾಡೋಣ ಎಂಬ ಅರ್ಥದ ಮಾತು ಅದು. ಹಳ್ಳದ ಮಕ್ಕಳಿಗೆ ಅದು ನೋಯಿಸಿದ್ದು ನ್ಯಾಯವೇ. ಮೀಸಲಾತಿಯಾಗಲಿ ಶುಲ್ಕವಾಗಲಿ ಕೊಡಲಾಗದ ಅನುಕೂಲವೊಂದು ಪ್ರೊಫೆಸರರ ಮನೆಯಲ್ಲಿ ಮಕ್ಕಳಿಗೆ ದಕ್ಕುತ್ತದೆ: ಯಾವ ಪ್ರಮಾಣಪತ್ರ ಯಾವ ಸಹೋದ್ಯೋಗಿಯ ಮೇಜಿನಲ್ಲಿ ಸಿಗುತ್ತದೆಂಬ ತಿಳಿವಳಿಕೆ.

ಸೆಪ್ಟೆಂಬರ್ 6ರಂದು ಸಂಸತ್ತಿನಲ್ಲಿ ವಿಚಾರಣೆ. ಅದು ಮುಗಿಯುವ ಹೊತ್ತಿಗೆ, ಆ ರಾತ್ರಿಯೇ, ಅವರ ಪತ್ನಿ, ಡೊಂಗ್‌ಯಾಂಗ್ ಯೂನಿವರ್ಸಿಟಿಯ ಪ್ರೊಫೆಸರ್ ಚುಂಗ್ ಕ್ಯುಂಗ್-ಶಿಮ್ ಮೇಲೆ ಪ್ರಾಸಿಕ್ಯೂಷನ್ ಆರೋಪಪಟ್ಟಿ ಸಲ್ಲಿಸಿತು. ಅವರನ್ನು ಕರೆಸಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅವಸರಕ್ಕೆ ಕಾರಣ ಲೆಕ್ಕಾಚಾರ: ಮಗಳಿಗೆ ಸಿಕ್ಕಿತೆನ್ನಲಾದ ಪ್ರಶಂಸಾಪತ್ರದ ಮೇಲಿನ ದಿನಾಂಕ 2012ರ ಸೆಪ್ಟೆಂಬರ್ 7, ಖಾಸಗಿ ದಾಖಲೆಯ ಫೋರ್ಜರಿಗೆ ಕಾಲಮಿತಿ ಏಳು ವರ್ಷ. ಮಧ್ಯರಾತ್ರಿ ದಾಟಿದರೆ ಕೇಸೇ ಇಲ್ಲ.

ಹಾಗೆ ಹಾಕಿದ ಆರೋಪಪಟ್ಟಿ ಬೇಗ ಬಿರುಕು ಬಿಟ್ಟಿತು. ಸೆಪ್ಟೆಂಬರ್ 10ರಂದು ಯೂನಿವರ್ಸಿಟಿಯ ಅಧ್ಯಾಪಕರ ವಿಶ್ರಾಂತಿ ಕೋಣೆಯಲ್ಲಿ ಬಹಳ ಕಾಲದಿಂದ ಬಿದ್ದಿದ್ದ ಎರಡು ಕಂಪ್ಯೂಟರ್‌ಗಳು ಪ್ರಾಸಿಕ್ಯೂಟರ್‌ಗಳ ಕೈಸೇರಿದವು. ವಾರಂಟ್ ತೋರಿಸಿ ತಂದದ್ದಲ್ಲ. ಅಲ್ಲಿನ ಸಿಬ್ಬಂದಿ ‘ಸ್ವಇಚ್ಛೆಯಿಂದ’ ಒಪ್ಪಿಸಿದರೆಂದು ದಾಖಲಾಯಿತು. ಅವುಗಳಲ್ಲಿ ಸಿಕ್ಕ ಫೈಲುಗಳ ಪ್ರಕಾರ ಕೆಲಸ ನಡೆದದ್ದು 2013ರ ಜೂನ್‌ನಲ್ಲಿ. ಮಗನಿಗೆ ನಿಜವಾಗಿ ಕೊಟ್ಟಿದ್ದ ಪ್ರಶಂಸಾಪತ್ರವನ್ನು ಸ್ಕ್ಯಾನ್ ಮಾಡಿ, ಕೆಳಗಿನ ಯೂನಿವರ್ಸಿಟಿ ಅಧ್ಯಕ್ಷರ ಹೆಸರು ಮತ್ತು ಮುದ್ರೆಯ ಭಾಗವನ್ನಷ್ಟೇ ಕತ್ತರಿಸಿ ಚಿತ್ರದ ಫೈಲಾಗಿ ಉಳಿಸಿ, ಅದನ್ನು ಮಗಳ ಹೆಸರಿನ ಡಾಕ್ಯುಮೆಂಟಿಗೆ ಅಂಟಿಸಿ ಪ್ರಿಂಟ್ ತೆಗೆದದ್ದು. ಮೊದಲ ಆರೋಪಪಟ್ಟಿ ಹೇಳಿದ್ದ ದಿನ, ಜಾಗ, ರೀತಿ ಮೂರೂ ಬೇರೆ. ತಿದ್ದಲು ಅನುಮತಿ ಕೇಳಿದಾಗ ಕೋರ್ಟು ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಪ್ರಾಸಿಕ್ಯೂಷನ್ ಎರಡನೇ ಆರೋಪಪಟ್ಟಿಯನ್ನೇ ಹಾಕಬೇಕಾಯಿತು. ಸಾಕ್ಷ್ಯ ಕೈಗೆ ಬರುವ ಮೊದಲೇ ಕೇಸು ಹಾಕಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

ಹಾಗಾದರೆ ಆ ಎರಡು ಯಂತ್ರಗಳೊಳಗೆ ಹುಡುಕುವಾಗ ಚುಂಗ್ ಅವರನ್ನು ಕರೆಯಬೇಕಿತ್ತೇ? 2021ರ ನವೆಂಬರ್ 18ರಂದು ಪೂರ್ಣಪೀಠ ಬೇರೊಂದು ಕೇಸಿನಲ್ಲಿ ಹೇಳಿದ ಮಾತು ಅವರಿಗೆ ಆಸರೆಯಾಯಿತು. ಆರೋಪಿಯ ಫೋನನ್ನು ಬಲಿಪಶುವಿನಂಥ ಮೂರನೆಯವರು ತಂದೊಪ್ಪಿಸಿದರೂ ಆರೋಪಿಗೆ ಹಾಜರಿರುವ ಹಕ್ಕುಂಟು, ಒಪ್ಪಿಸಿದ ಅಪರಾಧಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ನೋಡಬೇಕು. ಇದನ್ನು ಹಿಡಿದು ಚೋ ದಂಪತಿಯ ಕೇಸು ನಡೆಸುತ್ತಿದ್ದ ಕೆಳಗಿನ ಕೋರ್ಟು 2021ರ ಡಿಸೆಂಬರ್‌ನಲ್ಲಿ ಆ ಕಂಪ್ಯೂಟರಿನ ಸಾಕ್ಷ್ಯವನ್ನು ಸ್ವೀಕರಿಸುವುದಿಲ್ಲ ಅಂದಿತು. ಪ್ರಾಸಿಕ್ಯೂಟರ್‌ಗಳು ಕಲಾಪದಿಂದ ಎದ್ದು ಹೋದರು, ನ್ಯಾಯಾಧೀಶರನ್ನೇ ಬದಲಿಸಿ ಎಂದು ಅರ್ಜಿ ಹಾಕಿದರು.

2022ರ ಜನವರಿ 27ರಂದು ಸುಪ್ರೀಂ ಕೋರ್ಟ್ ಚುಂಗ್ ಅವರ ಪ್ರತ್ಯೇಕ ಅಪೀಲಿನಲ್ಲಿ ತೀರ್ಪಿತ್ತಿತು. ಆ ಯಂತ್ರಗಳು ವಶಪಡಿಸಿಕೊಂಡಾಗ ಅವರ ಹತೋಟಿಯಲ್ಲಿರಲಿಲ್ಲ. ಸುಮಾರು ಮೂರು ವರ್ಷ ಯೂನಿವರ್ಸಿಟಿಯ ಜಾಗದಲ್ಲಿ, ಅಲ್ಲಿನ ಸಿಬ್ಬಂದಿಯ ಸುಪರ್ದಿಯಲ್ಲಿದ್ದವು. ಹಾಜರಿರುವ ಹಕ್ಕು ಸಿಗುವುದು ಯಂತ್ರ ಯಾರ ವಶದಲ್ಲಿತ್ತೋ ಅವರಿಗೆ; ಒಳಗಿನ ಮಾಹಿತಿ ಯಾರದೆಂದು ಆಮೇಲೆ ಗೊತ್ತಾದ ಮಾತ್ರಕ್ಕೆ ಆ ಹಕ್ಕು ಹುಟ್ಟುವುದಿಲ್ಲ. ಹಾಗಾಗಿ ಸಾಕ್ಷ್ಯ ಸರಿ, ಕೆಳಗಿನ ಕೋರ್ಟುಗಳು ಚುಂಗ್ ಅವರಿಗೆ ಕೊಟ್ಟಿದ್ದ ನಾಲ್ಕು ವರ್ಷದ ಶಿಕ್ಷೆ ಖಾಯಂ. ನನಗೆ ಈ ತೀರ್ಪು ಪೂರ್ತಿ ಒಪ್ಪಿಗೆಯಿಲ್ಲ. ಕೆಟ್ಟು ಮೂಲೆಗೆ ಬಿದ್ದ ಲ್ಯಾಪ್‌ಟಾಪಿನೊಳಗಿನ ಪತ್ರಗಳು ಲ್ಯಾಪ್‌ಟಾಪಿನ ಜೊತೆಗೇ ಯಾರದೋ ಆಗಿಬಿಡುವುದಿಲ್ಲ. 2015ರ ತೀರ್ಪಿನ ಜೀವಾಳ ಯಂತ್ರವಲ್ಲ, ಮಾಹಿತಿ. ಆದರೆ ಒಂದು ಮಾತನ್ನು ಬಿಡದೆ ಹೇಳಬೇಕು: ಸಾಕ್ಷ್ಯ ಹೊರಗಿಡಬೇಕೆಂದು ವಾದಿಸುವುದು ಬೇರೆ, ಪ್ರಶಂಸಾಪತ್ರ ಅಸಲಿ ಎನ್ನುವುದು ಬೇರೆ. ಚೋ ಪರ ನಿಂತ ಅನೇಕರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಹೊರಗಿಡುವ ನಿಯಮ ಇರುವುದೇ ಸಾಕ್ಷ್ಯ ನಿಜವಿರಬಹುದಾದ ಸಂದರ್ಭಕ್ಕೆ. ಮಗಳ ಪ್ರಮಾಣಪತ್ರಗಳು ಸುಳ್ಳೆಂದು ಮೂರು ಹಂತದ ಕೋರ್ಟುಗಳು ಕಂಡವು. ಆ ಪ್ರಮಾಣಪತ್ರಗಳಲ್ಲಿ ಒಂದು ಚೋ ಅವರದೇ ಯೂನಿವರ್ಸಿಟಿಯ ಮಾನವ ಹಕ್ಕು ಕಾನೂನು ಕೇಂದ್ರದ್ದು.

2020ರ ಸೆಪ್ಟೆಂಬರ್ 3ರಂದು ಚೋ ತಮ್ಮ ಪತ್ನಿಯ ವಿಚಾರಣೆಗೆ ಸಾಕ್ಷಿಯಾಗಿ ಬಂದರು. ಪ್ರಾಸಿಕ್ಯೂಟರ್‌ಗಳು ಕೇಳಿದ ಸುಮಾರು 300 ಪ್ರಶ್ನೆಗಳಿಗೂ ಅವರು ಕೊಟ್ಟದ್ದು ಒಂದೇ ಉತ್ತರ: ‘ಅಪರಾಧ ಪ್ರಕ್ರಿಯಾ ಕಾಯ್ದೆಯ 148ನೇ ಕಲಂ ಪ್ರಕಾರ ನಡೆಯುತ್ತೇನೆ.’ ತನಗಾಗಲಿ ಹತ್ತಿರದ ಸಂಬಂಧಿಗಾಗಲಿ ಶಿಕ್ಷೆಯಾಗಬಹುದಾದ ಸಾಕ್ಷ್ಯ ನುಡಿಯದಿರುವ ಹಕ್ಕು ಅದು. ಪತ್ರಿಕೆಗಳು ಹರಿಹಾಯ್ದವು. ಕಾನೂನಿನ ದೃಷ್ಟಿಯಿಂದ ಅಲ್ಲಿ ತಪ್ಪು ಹುಡುಕಲು ಏನೂ ಇಲ್ಲ. ಮೌನದ ಹಕ್ಕು ಪ್ರೊಫೆಸರಿಗೂ ಇದೆ, ಪಾಕೆಟ್‌ಮಾರನಿಗೂ ಇದೆ.

ಮತ್ತೆ 2019ಕ್ಕೆ ಬಂದರೆ, ಈ ಗದ್ದಲದ ನಡುವೆಯೇ ನೇಮಕವಾದ ಚೋ ಸಚಿವರಾಗಿ ಇದ್ದದ್ದು 35 ದಿನ. ಪರವಾಗಿ ಸೋಚೋ ಬಡಾವಣೆಯ ಪ್ರಾಸಿಕ್ಯೂಷನ್ ಕಚೇರಿಗಳ ಮುಂದೆ, ವಿರುದ್ಧವಾಗಿ ಗ್ವಾಂಗ್‌ಹ್ವಾಮುನ್ ಚೌಕದಲ್ಲಿ ಜನಸಾಗರ. 2019ರ ಅಕ್ಟೋಬರ್ 14ರ ಬೆಳಿಗ್ಗೆ ವಿಶೇಷ ತನಿಖಾ ವಿಭಾಗಗಳನ್ನು ಸೋಲ್, ಡೇಗು, ಗ್ವಾಂಗ್‌ಜು ಮೂರಕ್ಕೆ ಇಳಿಸುವ ಯೋಜನೆ ಪ್ರಕಟಿಸಿದರು, ಮಧ್ಯಾಹ್ನ ರಾಜೀನಾಮೆ ಕೊಟ್ಟರು. ಮರುದಿನ ಯೂನಿವರ್ಸಿಟಿಗೆ ಮರಳಿ ಹಾಜರಿ ಹಾಕಿದರು. ಸರ್ಕಾರಿ ನೇಮಕಕ್ಕೆ ಪ್ರೊಫೆಸರುಗಳು ರಜೆ ಹಾಕಿ ಹೋಗಿ ಮರಳುವುದು ಅಲ್ಲಿ ಕಾನೂನುಬದ್ಧ. ಪ್ರೊಫೆಸರುಗಳು ರಾಜಕೀಯಕ್ಕೆ ಹಾರುವುದನ್ನು ಹಿಂದೆ ಟೀಕಿಸಿದ್ದ ಅವರಿಗೆ ಮಾತ್ರ ಅದು ಶೋಭಿಸಲಿಲ್ಲ. 2023ರಲ್ಲಿ ಯೂನಿವರ್ಸಿಟಿ ಅವರನ್ನು ವಜಾ ಮಾಡಿತು.

ಅವರ ಸ್ವಂತ ಕೇಸಿನಲ್ಲಿ 2023ರ ಫೆಬ್ರವರಿ 3ರಂದು ಎರಡು ವರ್ಷ ಜೈಲು. ಮಕ್ಕಳ ಪ್ರವೇಶಕ್ಕೆ ಸುಳ್ಳು ದಾಖಲೆ, ಮಗನ ಅಮೆರಿಕದ ಯೂನಿವರ್ಸಿಟಿಯ ಆನ್‌ಲೈನ್ ಪರೀಕ್ಷೆಗೆ ಉತ್ತರ ಬರೆಯಲು ನೆರವು, ಮಗಳಿಗೆ ಬಂದ 60 ಲಕ್ಷ ವೊನ್ ಸ್ಕಾಲರ್‌ಶಿಪ್ ಸ್ವೀಕರಿಸಿದ್ದು, ಅಧಿಕಾರಿಯೊಬ್ಬರ ಮೇಲಿನ ಆಂತರಿಕ ತನಿಖೆ ನಿಲ್ಲಿಸಿದ್ದು. ಸ್ಕಾಲರ್‌ಶಿಪ್ ಲಂಚವೆಂಬ ಆರೋಪ ನಿಲ್ಲಲಿಲ್ಲ, ಉಡುಗೊರೆ ತಡೆ ಕಾಯ್ದೆಯಡಿ ಮಾತ್ರ ತಪ್ಪಾಯಿತು. ನನ್ನ ಮಟ್ಟಿಗೆ ಇವುಗಳಲ್ಲಿ ಗಂಭೀರವಾದದ್ದು ಕೊನೆಯದು. ಮಿಕ್ಕವು ತಂದೆಯಾಗಿ ಮಾಡಿದ್ದು; ಇದು ಅಧಿಕಾರದ ಕುರ್ಚಿಯಲ್ಲಿ ಕೂತು ಮಾಡಿದ್ದು. ಪ್ರಾಸಿಕ್ಯೂಟರ್‌ಗಳು ಬೇಕಾದ ಕೇಸು ತೆರೆದು ಬೇಡದ್ದನ್ನು ಮುಚ್ಚುತ್ತಾರೆಂಬುದೇ ಅವರ ಆಕ್ಷೇಪವಾಗಿತ್ತಲ್ಲ.

2024ರ ಫೆಬ್ರವರಿ 8ರಂದು ಹೈಕೋರ್ಟ್ ಶಿಕ್ಷೆ ಎತ್ತಿಹಿಡಿಯಿತು, ತಕ್ಷಣ ಬಂಧಿಸಲಿಲ್ಲ. ಮಾರ್ಚ್ 3ಕ್ಕೆ ಚೋ ಪಕ್ಷ ಕಟ್ಟಿದರು: ಚೋ ಕುಕ್ ಹ್ಯೊಕ್ಸಿನ್‌ದಾಂಗ್, ಇಂಗ್ಲಿಷ್ ಪತ್ರಿಕೆಗಳ ರೀಬಿಲ್ಡಿಂಗ್ ಕೊರಿಯಾ ಪಾರ್ಟಿ. ಏಪ್ರಿಲ್ 10ರ ಚುನಾವಣೆಗೆ ಐದೇ ವಾರ. ಅಲ್ಲಿನ ಸಂಸತ್ತಿನ 300 ಸ್ಥಾನಗಳಲ್ಲಿ 254 ಸ್ಥಾನ ಕ್ಷೇತ್ರಗಳದು, ಉಳಿದ 46 ಸ್ಥಾನ ಪಕ್ಷಗಳ ಪಟ್ಟಿಯವು. ಮತದಾರನಿಗೆ ಎರಡು ಮತಪತ್ರ. ಹೊಸ ಪಕ್ಷ ಕ್ಷೇತ್ರಗಳಲ್ಲಿ ನಿಲ್ಲದೆ ಪಟ್ಟಿಯ ಮತ ಮಾತ್ರ ಕೇಳಿತು: ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ, ಪಟ್ಟಿಯಲ್ಲಿ ಚೋ ಕುಕ್‌ಗೆ. ಅಷ್ಟರಲ್ಲಿ ಅಧ್ಯಕ್ಷರಾಗಿದ್ದವರು ಅದೇ ಯೂನ್. ಅವರಿಗೆ ಉಳಿದಿದ್ದ ಮೂರು ವರ್ಷ ಬಹಳ ದೀರ್ಘವಾಯಿತು ಎಂಬುದೇ ಘೋಷಣೆ. ಶೇ. 24.25 ಮತ, 12 ಸ್ಥಾನ. ಸಂಸತ್ತಿನ ಕಲಾಪ ನಿಗದಿ ಮಾಡುವ ಪಕ್ಷಗಳ ಮಾತುಕತೆಯಲ್ಲಿ ಕೂರಲು ಬೇಕಾದ 20 ಸ್ಥಾನಕ್ಕೆ ಎಂಟು ಕಡಿಮೆ. ಹಾಗಾಗಿ ದನಿ ದೊಡ್ಡದು, ಹಿಡಿತ ಸಣ್ಣದು.

2024ರ ಡಿಸೆಂಬರ್ 3ರ ರಾತ್ರಿ ಯೂನ್ ಮಿಲಿಟರಿ ಕಾನೂನು ಹೇರಿದರು. 12ರಂದು ಸುಪ್ರೀಂ ಕೋರ್ಟ್ ಚೋ ಅವರ ಶಿಕ್ಷೆ ಖಾಯಂ ಮಾಡಿತು, ಸಂಸತ್ ಸ್ಥಾನ ಹೋಯಿತು. 14ರಂದು ಯೂನ್ ವಿರುದ್ಧ ಮಹಾಭಿಯೋಗ ಮತಕ್ಕೆ ಬಂದಾಗ ಪಕ್ಷದ ಪಟ್ಟಿಯಲ್ಲಿ ಮುಂದಿನವರು ಆ ಸ್ಥಾನಕ್ಕೆ ಬಂದಿದ್ದರು. 16ರಂದು ಚೋ ಜೈಲಿಗೆ ಹೋದರು. ಎರಡು ವರ್ಷದ ಶಿಕ್ಷೆಯಲ್ಲಿ ಅನುಭವಿಸಿದ್ದು ಸುಮಾರು ಎಂಟು ತಿಂಗಳು. ಹೊಸ ಅಧ್ಯಕ್ಷ ಲೀ ಜೇ-ಮ್ಯುಂಗ್ 2025ರ ಆಗಸ್ಟ್ 15ರ ಕ್ಷಮಾದಾನದಲ್ಲಿ ಅವರನ್ನೂ ಪತ್ನಿಯನ್ನೂ ಸೇರಿಸಿದರು. ರಾಜಕೀಯ ಹಕ್ಕುಗಳನ್ನೂ ಮರಳಿಸಿದ್ದರಿಂದ ಮತ್ತೆ ಚುನಾವಣೆಗೆ ನಿಲ್ಲುವ ದಾರಿ ತೆರೆಯಿತು; ಇಲ್ಲದಿದ್ದರೆ ಶಿಕ್ಷೆ ಮುಗಿದ ಮೇಲೂ ಐದು ವರ್ಷ ಕಾಯಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಪಕ್ಷದೊಳಗಿನ ಲೈಂಗಿಕ ಕಿರುಕುಳದ ದೂರುಗಳನ್ನು ನಿಭಾಯಿಸಿದ ರೀತಿಗೆ ನಾಯಕತ್ವವೇ ರಾಜೀನಾಮೆ ಕೊಟ್ಟಿತು, ಚೋ ತಾತ್ಕಾಲಿಕ ಹೊಣೆ ಹೊತ್ತರು. ನವೆಂಬರ್ 23ರಂದು ಏಕೈಕ ಅಭ್ಯರ್ಥಿಯಾಗಿ ಶೇ. 98.6 ಮತದೊಂದಿಗೆ ಮತ್ತೆ ಪಕ್ಷದ ಅಧ್ಯಕ್ಷರಾದರು.

2025ರ ಸೆಪ್ಟೆಂಬರ್ 26ರಂದು ಸಂಸತ್ತು ಪ್ರಾಸಿಕ್ಯೂಷನ್ ಕಚೇರಿಯನ್ನೇ ರದ್ದು ಮಾಡುವ ಮಸೂದೆ ಅಂಗೀಕರಿಸಿತು. ಒಂದು ವರ್ಷದ ಕಾಲಾವಕಾಶದ ನಂತರ ಕೇಸು ನಡೆಸುವುದು ಒಂದು ಸಂಸ್ಥೆಗೆ, ಗಂಭೀರ ಅಪರಾಧಗಳ ತನಿಖೆ ಇನ್ನೊಂದಕ್ಕೆ. ಚೋ ದಶಕಗಳಿಂದ ಕೇಳಿದ್ದರ ಬಹುಪಾಲು ಇದರಲ್ಲಿದೆ. ಪೊಲೀಸರ ತನಿಖೆ ಅರೆಬರೆಯಾಗಿದ್ದರೆ ಪ್ರಾಸಿಕ್ಯೂಟರ್ ತಾವೇ ಪೂರಕ ತನಿಖೆ ಮಾಡಬಹುದೇ ಎಂಬ ಜಗಳ ಆಗ ಉಳಿದೇ ಇತ್ತು. ವಾರಂಟಿನ ವಿಷಯವೂ ಹಾಗೆಯೇ. 2018ರ ಮಾರ್ಚಿನಲ್ಲಿ ಚೋ ವಿವರಿಸಿದ ತಿದ್ದುಪಡಿ 114 ಮತಗಳಿಗೆ ನಿಂತುಹೋದ್ದರಿಂದ ಸಂವಿಧಾನದ 12ನೇ ವಿಧಿ ಮೊದಲಿದ್ದಂತೆಯೇ ಇದೆ. ಹೊಸ ತನಿಖಾ ಸಂಸ್ಥೆಯ ಅಧಿಕಾರಿಗೆ ಯಾರದಾದರೂ ಕಂಪ್ಯೂಟರ್ ಶೋಧಿಸಬೇಕಾದರೆ, ನ್ಯಾಯಾಧೀಶರ ಬಳಿ ಹೋಗುವ ಮೊದಲು ಅರ್ಜಿ ಪ್ರಾಸಿಕ್ಯೂಟರರ ಮೇಜಿಗೇ ಹೋಗಬೇಕು.